ನಮ್ಮೂರು ನೋಡಲು ಸಾವಿರದ ಎಂಟುನೂರು ರೂಪಾಯಿ

"ಅಲ್ಲೋ ಯಪ್ಪಾ, ನಿಮ್ಮೂರ ಸೀಮಿ ನೋಡಾಕ ನೀನ ರೊಕ್ಕಾ ಕೊಟ್ಟ ಹೋಗಿದ್ಯಾ?"

ಅವ್ವ ಫೋನಿನಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಕಾನ ಮಗ ನನ್ನ ವಾಟ್ಸಾಪ್ ಸ್ಟೇಟಸ್ ನೋಡಿ ಅವ್ವನಿಗೆ ತೋರಿಸಿದ್ದ. ಫೋಟೋದಲ್ಲಿ ನಾನು ಆಫೀಸಿನವರ ಜೊತೆ ನವಿಲುತೀರ್ಥದ ಗುಡ್ಡದ ಮೇಲೆ ನಿಂತು ನಗುತ್ತಿದ್ದೆ. ಹಿಂದೆ ನೀಲಿ ನೀರು. ನಮ್ಮ ಮನೆ ಇರುವುದು ಮುನವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ನಾವು ಕೂತಿದ್ದ ಟೆಂಪೋ ಟ್ರಾವೆಲರ್ ಆ ಊರಿನ ಕ್ರಾಸ್ ದಾಟಿಯೇ ಮುಂದೆ ಹೋಗಿತ್ತು. ನಾನು ಇಳಿಯಲಿಲ್ಲ, ಬರುತ್ತೇನೆ ಅಂತ ಹೇಳಿಯೂ ಇರಲಿಲ್ಲ.

ಆದ್ದರಿಂದ ಈ ವಿಮರ್ಶೆ ಬರೆಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ನಿಷ್ಪಕ್ಷಪಾತಿ ಅಲ್ಲ. ಆದರೆ ಸಿನಿಮಾ ನೋಡಿ ಬಂದು ನಾವೆಲ್ಲ ಎರಡು ಮಾತು ಬರೆಯುತ್ತೇವೆ, ಹೋಟೆಲಿನಲ್ಲಿ ಉಂಡು ಸ್ಟಾರ್ ಕೊಡುತ್ತೇವೆ. ವೀಕೆಂಡ್ ಬಂದರೆ ಸಾಕು, ನಮ್ಮಂಥವರು ಹನ್ನೆರಡು ಸೀಟಿನ ಗಾಡಿ ಹತ್ತಿ ಯಾರದೋ ಊರನ್ನು ಒಂದು ದಿನದಲ್ಲಿ ನೋಡಿ ಬರುತ್ತೇವೆ. ಅದನ್ನು ಮಾತ್ರ ಯಾರೂ ವಿಮರ್ಶೆ ಮಾಡುವುದಿಲ್ಲ. ಗೂಗಲ್‌ನಲ್ಲಿ 'ಅಮೇಜಿಂಗ್ ಎಕ್ಸ್‌ಪೀರಿಯನ್ಸ್' ಎಂದು ಬರೆದು ಮುಗಿಸುತ್ತೇವೆ. ಒಂದು ದಿನದ ಟೂರ್‌ಗೂ ಸ್ಕ್ರಿಪ್ಟ್ ಇರುತ್ತದೆ, ಎಡಿಟಿಂಗ್ ಇರುತ್ತದೆ. ಯಾವುದನ್ನು ತೋರಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಹಾಗಾದರೆ ಅದನ್ನೂ ಒಂದು ಕೃತಿಯಂತೆ ನೋಡಬಹುದಲ್ಲ?

ಹೋದ ವರ್ಷ ಸೆಪ್ಟೆಂಬರಿನ ಮಾತು. ಪ್ರಾಜೆಕ್ಟ್ ಒಂದು ಗೋ-ಲೈವ್ ಆದ ಖುಷಿಗೆ ನಮ್ಮ ಟೀಮ್ ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಹುಬ್ಬಳ್ಳಿಗೆ ಬಂತು. ಹನ್ನೊಂದು ಜನ, ಒಬ್ಬ ಡ್ರೈವರ್, ಒಬ್ಬ ಗೈಡ್. ತಲೆಗೆ ಸಾವಿರದ ಎಂಟುನೂರು, ತಿಂಡಿ ಊಟ ಸೇರಿ. 'ಬೆಳಗಾವಿ ಸೀಮೆಯ ಗುಡ್ಡಗಾಡಿನ ಸೊಬಗು: ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಒಂದೇ ದಿನದಲ್ಲಿ' ಎಂದು ಜಾಹೀರಾತಿನಲ್ಲಿತ್ತು. ಒಂಬತ್ತು ಪಾಯಿಂಟ್. ಪಟ್ಟಿ ನೋಡಿದ ಕೂಡಲೇ ನಾನು ಲೆಕ್ಕ ಹಾಕಿದೆ. ಹೋಗಿ ಬರುವ ದಾರಿಯೇ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ಉಳಿದ ಹೊತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದೊಂದು ಜಾಗಕ್ಕೆ ಅರ್ಧ ತಾಸು.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಸಣ್ಣ ಗುಂಪು ಎಂಬುದು ನಿಜಕ್ಕೂ ಒಳ್ಳೆಯ ವಿಚಾರ. ಐವತ್ತು ಜನರ ಬಸ್ಸಿನಲ್ಲಿ ಹೋದರೆ ಎಣಿಕೆ ಮಾಡುವುದರಲ್ಲೇ ದಿನ ಹೋಗುತ್ತದೆ. ಇಲ್ಲಿ ಹಾಗಿರಲಿಲ್ಲ. ಡ್ರೈವರ್ ಅಣ್ಣ ಹುಷಾರಿ, ಒಂದು ಸಲವೂ ಜೋರು ಹೊಡೆಯಲಿಲ್ಲ. ನೀರು, ಟಾಯ್ಲೆಟ್, ಹೆಣ್ಣುಮಕ್ಕಳ ಅನುಕೂಲ ಎಲ್ಲ ನೋಡಿಕೊಂಡರು. ದೃಶ್ಯದ ಬಗ್ಗೆ ಅಂತೂ ತಕರಾರೇ ಇಲ್ಲ. ಮಳೆ ಮುಗಿಯುತ್ತ ಬಂದಿತ್ತು. ಎರಿ ಹೊಲದಲ್ಲಿ ಸೋಯಾಬೀನ್ ಹಳದಿಗೆ ತಿರುಗಿತ್ತು, ಹತ್ತಿ ಸೊಂಟದೆತ್ತರ, ಅಲ್ಲಲ್ಲಿ ಕಬ್ಬು, ದೂರದಲ್ಲಿ ನೆತ್ತಿ ಚಪ್ಪಟೆಯಾದ ಗುಡ್ಡಗಳು. ಮಲೆನಾಡಿನ ಹಾಗೆ ಈ ನೆಲ ಮೈಮೇಲೆ ಬೀಳುವುದಿಲ್ಲ. ದೂರ ನಿಂತುಕೊಂಡೇ ಮಾತಾಡಿಸುತ್ತದೆ. ಇಂಥ ಬಯಲನ್ನೂ ಟೂರ್ ಪಟ್ಟಿಗೆ ಸೇರಿಸಬಹುದು ಎಂದು ಯಾರಿಗೋ ಹೊಳೆಯಿತಲ್ಲ, ಅದಕ್ಕೆ ಪೂರ್ತಿ ಅಂಕ.

ಗೈಡ್ ಇಪ್ಪತ್ತೈದು-ಇಪ್ಪತ್ತಾರರ ಹುಡುಗ. ಕೈಯಲ್ಲಿ ಬ್ಲೂಟೂತ್ ಸ್ಪೀಕರ್. ಇಂಗ್ಲಿಷು, ಹಿಂದಿ ಮತ್ತು ಟೀವಿ ಕನ್ನಡ ಬೆರೆಸಿ ಮಾತಾಡುತ್ತಿದ್ದ. 'ಗಯ್ಸ್' ಎಂದು ಶುರು, 'ಫೋಟೋಗೆ ಹತ್ತು ನಿಮಿಷ ಗಯ್ಸ್' ಎಂದು ಮುಕ್ತಾಯ.

ಕಿತ್ತೂರಿನಲ್ಲಿ ಕೋಟೆಯೊಳಗಿನ ಅರಮನೆಯ ಅವಶೇಷ, ವಸ್ತು ಸಂಗ್ರಹಾಲಯ, ಧ್ರುವ ನಕ್ಷತ್ರ ನೋಡಲು ಮಾಡಿದ್ದರೆನ್ನುವ ಕಿಂಡಿ ಎಲ್ಲ ತೋರಿಸಿದ. ಸ್ಪೀಕರಿನಲ್ಲಿ 1961ರ 'ಕಿತ್ತೂರು ಚೆನ್ನಮ್ಮ' ಸಿನಿಮಾದ ಆ ಡೈಲಾಗ್ ಹಾಕಿದ. ಪಂತುಲು ಅವರ ಸಿನಿಮಾ, ಬಿ. ಸರೋಜಾದೇವಿ ಅವರ ದನಿ. ನಮ್ಮವರು ಸಾಲಾಗಿ ನಿಂತು ರೀಲ್ಸ್ ಮಾಡಿದರು. ನಾನೂ ಕತ್ತಿ ಹಿಡಿದವನ ಹಾಗೆ ಕೈ ಎತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಅವನು ಹೇಳಿದ: "ಡಾಲ್‌ಹೌಸಿ ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂತ ಕಾನೂನು ತಂದ, ಅದಕ್ಕೆ ರಾಣಿ ಯುದ್ಧ ಮಾಡಿದಳು."

ಇಲ್ಲಿ ನನಗೆ ಮೊದಲ ಸಲ ಕಿರಿಕಿರಿ ಆಯಿತು. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಯುದ್ಧ ಆದದ್ದು 1824ರಲ್ಲಿ. ಇಪ್ಪತ್ತನಾಲ್ಕು ವರ್ಷದ ಅಂತರ! ಇದು ಬರೀ ಇಸವಿಯ ತಪ್ಪಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈ ತಪ್ಪಿನಲ್ಲಿ ಕಿತ್ತೂರಿನ ಹೆಚ್ಚುಗಾರಿಕೆಯೇ ಹೊರಟುಹೋಗುತ್ತದೆ. ಆ ಕಾನೂನಿಗೆ ಇನ್ನೂ ಹೆಸರೇ ಇಲ್ಲದ ಕಾಲದಲ್ಲಿ ಅದರ ಪೆಟ್ಟು ತಿಂದ ಊರು ಇದು. ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಸಾಯುವ ಮುಂಚೆ ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಸೀಲು ಬಿತ್ತು, ಕಾವಲು ಬಿತ್ತು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ಹೊರಗೆ ನುಗ್ಗಿದರು. ಥ್ಯಾಕರೆ ಸತ್ತ, ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಕಂಪನಿ ಸರ್ಕಾರ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. 1857ರ ದಂಗೆಗಿಂತ ಮೂವತ್ಮೂರು ವರ್ಷ ಮೊದಲು.

ಇದರಲ್ಲಿ ನಮ್ಮಂಥವರಿಗೆ ಹಿಡಿಸುವ ವಿಷಯ ಕತ್ತಿಗಿಂತ ಹೆಚ್ಚಾಗಿ ಕಾಗದ. ಒಂದು ದತ್ತಕ ಪತ್ರ, ಒಂದು ಖಜಾನೆ, ಒಂದು ಸೀಲು. ಯಾರ ಆಸ್ತಿ ಯಾರಿಗೆ ಎಂದು ತೀರ್ಮಾನ ಮಾಡುವ ಅಧಿಕಾರ ಯಾರದು ಎಂಬ ಜಗಳ. ಅಪಾರ್ಟ್‌ಮೆಂಟ್ ಖಾತೆಗಾಗಿ ಆರು ತಿಂಗಳು ಅಲೆದ ನನ್ನ ಟೀಮಿನವರಿಗೆ ಇದನ್ನು ಹೀಗೆ ಹೇಳಿದ್ದರೆ ಅರ್ಧ ನಿಮಿಷದಲ್ಲಿ ಹತ್ತುತ್ತಿತ್ತು.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ. ಸೋತ ಮೇಲೆ ಅವಳನ್ನು ಇಲ್ಲಿಯ ಕೋಟೆಯಲ್ಲಿ ಇಟ್ಟಿದ್ದರು. 1829ರಲ್ಲಿ ಇಲ್ಲೇ ತೀರಿಕೊಂಡಳು. ನಮಗೆ ಕೊಟ್ಟದ್ದು ಹದಿನೈದು ನಿಮಿಷ, ಅದರಲ್ಲಿ ಐದು ನಿಮಿಷ ಚಪ್ಪಲಿ ಬಿಡುವುದಕ್ಕೆ. ಸಂಗೊಳ್ಳಿ ಇದೇ ತಾಲೂಕಿನ ಊರು. ರಾಯಣ್ಣನ ಬಗ್ಗೆ ಗೈಡ್ ಎರಡು ಮಾತು ಹೇಳಿದ: ಶೂರ, ನಂದಗಡದಲ್ಲಿ ಗಲ್ಲಿಗೇರಿದ. ಸರಿ, 1831ರ ಜನವರಿ 26. ಆದರೆ ರಾಯಣ್ಣ ಏನು ಮಾಡಿದ? ಸೈನ್ಯವಿಲ್ಲದ ಆ ಮನುಷ್ಯ ಜನ ಕೂಡಿಸಿಕೊಂಡು ಸರ್ಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿದ, ಭೂಮಿಯ ಕಾಗದಪತ್ರ ಸುಟ್ಟ. ಹೊಲ ಕಸಿದುಕೊಂಡವರ, ಕಂದಾಯ ಏರಿಸಿದವರ ಬಲ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಆ ಬಲ ಇದ್ದದ್ದು ದಫ್ತರದಲ್ಲಿ. ಡೇಟಾಬೇಸಿನ ಕೆಲಸ ಮಾಡುವ ಹನ್ನೊಂದು ಜನರಿಗೆ ಇದನ್ನು ಹೇಳದೇ ಬಿಟ್ಟದ್ದು ನನ್ನ ಪ್ರಕಾರ ಸ್ಕ್ರಿಪ್ಟಿನ ದೊಡ್ಡ ಸೋಲು.

ಹೀಗೆ ಬೈದುಕೊಳ್ಳುತ್ತ ಸೊಗಲಕ್ಕೆ ಬಂದೆ. ಗುಡ್ಡದ ಸಂದಿಯಲ್ಲಿ ಸೋಮೇಶ್ವರನ ಗುಡಿ, ಪಕ್ಕದಲ್ಲಿ ನೀರು ಬೀಳುತ್ತಿತ್ತು. ಹುಡುಗರು ನೀರಿಗಿಳಿದರು. ನಾನು ಮೇಲೆ ಕಲ್ಲಿನ ಮೇಲೆ ಕೂತೆ. ಗೈಡ್ ಬಂದು ಹತ್ತಿರ ಕೂತ. ಅವನಿಗೆ ಮನೆಯಿಂದ ಫೋನು ಬಂತು. ಆಗ ಅವನ ಬಾಯಿಂದ ಬಂದ ಮಾತು ಕೇಳಿ ನಾನು ತಿರುಗಿ ನೋಡಿದೆ.

"ಹೂನವ್ವಾ... ಮಷೀನ್ ಬಂತಂದ್ರ ಕೊಯ್ಸಿಬಿಡ್ರಿ. ಮೋಡ ಐತಿ. ತೊಯ್ದ್ರ ಯಾರ್ ತಗೋತಾರ? ನಾ ನಾಳೆ ಮುಂಜಾನೆ ಬರ್ತೇನಿ."

ಫೋನ್ ಇಟ್ಟ ಮೇಲೆ ಕೇಳಿದೆ, "ಸೋಯಾಬೀನ್ ಎಷ್ಟ ಎಕರೆ ಐತಿ?"

ಅವನು ಒಂದು ಕ್ಷಣ ನನ್ನನ್ನೇ ನೋಡಿದ. "ಸರ, ಯಾವೂರ್ರಿ ನಿಮ್ದು?"

ಹೇಳಿದೆ. ಅವನು ನಕ್ಕ. "ಮತ್ತ ಮುಂಜಾನಿಂದ ಇಂಗ್ಲಿಷ್ ಹೊಡ್ಯಾಕತ್ತೀರಲ್ರಿ!" ಅವನದು ಬೈಲಹೊಂಗಲ ಕಡೆಯ ಹಳ್ಳಿ. ಎರಡೂವರೆ ಎಕರೆ ಎರಿ ಹೊಲ. ಅಪ್ಪನಿಗೆ ಮೊಳಕಾಲು ನೋವು. ಶನಿವಾರ ರವಿವಾರ ಗೈಡ್, ಉಳಿದ ದಿನ ಹೊಲ. ಮುಂದಿನ ಹತ್ತು ನಿಮಿಷ ಅವನು ಮಾತಾಡಿದ್ದು ಅವತ್ತಿನ ಟೂರಿನ ಅತಿ ಒಳ್ಳೆಯ ಹತ್ತು ನಿಮಿಷ. ಎರಿ ಭೂಮಿ ಬೇಸಿಗೆಯಲ್ಲಿ ಯಾಕೆ ಬಿರಿಯುತ್ತದೆ, ಆ ಬಿರುಕೇ ಮುಂದೆ ಮಳೆ ನೀರು ಒಳಗೆ ಇಳಿಯಲು ಹೇಗೆ ದಾರಿ ಆಗುತ್ತದೆ, ಹಿಂಗಾರಿ ಜೋಳ ಮಳೆ ನಿಂತ ಮೇಲೂ ಬರೀ ನೆಲದ ಹಸಿಯ ಮೇಲೆ ಹೇಗೆ ಬೆಳೆಯುತ್ತದೆ, ಎಲ್ಲವನ್ನೂ ಎದುರಿನ ಹೊಲದ ಕಡೆ ಕೈ ಮಾಡಿ ತೋರಿಸುತ್ತ ಹೇಳಿದ. "ರಾಶಿ ಮಾಡೂ ಹೊತ್ತಿಗೆ ರೇಟ್ ಬಿದ್ದಿರ್ತೈತ್ರಿ ಸರ. ಇಟ್ಕೊಳ್ಳಾಕ ನಮಗ ಜಾಗಾ ಇಲ್ಲ, ಸಾಲದವಂಗ ತಾಳ್ಮಿ ಇಲ್ಲ."

"ಇದನ್ನ ಅವರಿಗೂ ಹೇಳಲ್ಲಾ" ಎಂದೆ, ನೀರಿನಲ್ಲಿದ್ದವರನ್ನು ತೋರಿಸಿ.

"ಇದನ್ನ ಕೇಳಾಕ ಯಾರ್ ಬರ್ತಾರ್ರಿ? ಕಂಪನಿಯವ್ರು ಪಾಯಿಂಟ್ ಬರ್ದ ಕೊಟ್ಟಾರ, ಅಷ್ಟ ಹೇಳ್ಬೇಕು. ಬೋರ್ ಮಾಡಬ್ಯಾಡ ಅಂತಾರ."

ಅಲ್ಲಿಗೆ ನನ್ನ ವಿಮರ್ಶೆಯ ದಿಕ್ಕು ಬದಲಾಯಿತು. ಡಾಲ್‌ಹೌಸಿಯ ತಪ್ಪು ಈ ಹುಡುಗನದಲ್ಲ. ಅವನ ತಲೆಯಲ್ಲಿ ಇರುವುದನ್ನು ಬದಿಗಿಡಿಸಿ ಬೇರೆ ಯಾರೋ ಎಲ್ಲಿಂದಲೋ ಎತ್ತಿದ್ದನ್ನು ಬಾಯಿಪಾಠ ಮಾಡಿಸಿದ್ದಾರೆ. ಊರಿನವನನ್ನೇ ಗೈಡ್ ಮಾಡಿ, ಊರಿನ ಮಾತನ್ನು ಮಾತ್ರ ಬೇಡ ಅಂದಿದ್ದಾರೆ. ಅದು ಅವರೊಬ್ಬರ ತಪ್ಪೂ ಅಲ್ಲ. 'ಬೋರ್' ಎಂದು ಯಾರು ಅನ್ನುತ್ತಾರೆ ಎಂದು ಅವರಿಗೆ ಗೊತ್ತು. ಅದು ನಾವು.

ಊಟ ಖಾನಾವಳಿಯಲ್ಲಿ. ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ, ಮಡಕಿಕಾಳು, ಶೇಂಗಾ ಹಿಂಡಿ, ಮೊಸರು, ಕೊನೆಗೆ ಅನ್ನ ಸಾರು. ಬಡಿಸುವ ಅಕ್ಕ "ಇನ್ನೊಂದ ರೊಟ್ಟಿ ಹಾಕ್ಕೋರಿ, ನಾಚಬ್ಯಾಡ್ರಿ" ಎಂದು ಹೇಳುತ್ತಲೇ ಹಾಕಿಬಿಟ್ಟಳು. ಊಟಕ್ಕೆ ಹತ್ತಕ್ಕೆ ಹತ್ತು. ಇದನ್ನು ಯಾರೂ ಸ್ಕ್ರಿಪ್ಟ್ ಮಾಡಿರಲಿಲ್ಲ, ಗಮನಿಸಿ.

ಊಟ ಆಗಿ ಮುನವಳ್ಳಿ ದಾಟಿ ನವಿಲುತೀರ್ಥಕ್ಕೆ ಬಂದೆವು. ನಮ್ಮೂರ ಕ್ರಾಸ್ ಬಂದಾಗ ನಾನು ಫೋನ್ ನೋಡುತ್ತಿದ್ದೆ. ನೋಡುತ್ತಿದ್ದೆ ಅಂದರೆ, ಕಿಟಕಿಯ ಹೊರಗೆ ನೋಡಬಾರದು ಅಂತ ನೋಡುತ್ತಿದ್ದೆ. ಟೀಮಿನಲ್ಲಿ ನಾನು 'ಹುಬ್ಬಳ್ಳಿ ಕಡೆಯವನು'. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು 'ಹೌದ್ರಿ' ಅಂದಾಗೆಲ್ಲ ನಗುತ್ತಿದ್ದರು. ಕೆಟ್ಟ ನಗು ಅಲ್ಲ, ಆದರೂ ನಗು. ಎರಡು ವರ್ಷದಲ್ಲಿ ನನ್ನ ಕನ್ನಡ ಇಸ್ತ್ರಿ ಆಯಿತು. ಊರಿನ ಹೆಸರು ಹೇಳಿದರೆ ಯಾರಿಗೂ ಗೊತ್ತಿರುವುದಿಲ್ಲ ಎಂಬ ನೆಪದಲ್ಲಿ ಹೇಳುವುದನ್ನೇ ಬಿಟ್ಟೆ. ಆ ಗೈಡ್ ಹುಡುಗ ಸ್ಕ್ರಿಪ್ಟ್ ಓದುತ್ತಾನೆ ಎಂದು ನಾನು ಬೈಯುತ್ತಿದ್ದೇನಲ್ಲ, ನಾನು ಓದುತ್ತಿರುವುದು ಏನು?

ಗುಡ್ಡದ ಮೇಲೆ ಗಾಡಿ ನಿಂತಿತು. ಕೆಳಗೆ ರೇಣುಕಾಸಾಗರ, ಕಣ್ಣು ಹೋದಷ್ಟು ದೂರ ನೀರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಇಲ್ಲಿ ಎರಡು ಗುಡ್ಡದ ನಡುವಿನ ಕಿರಿದಾದ ಸಂದಿಯಲ್ಲಿ ಹಾಯುತ್ತಿದ್ದಳು. ಅದೇ ಸಂದಿಗೆ 1970ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಅಣೆಕಟ್ಟು ಬಂತು. ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. "ಗಯ್ಸ್, ದಿಸ್ ಈಸ್ ಅವರ್ ಮಿನಿ ಸ್ವಿಟ್ಜರ್‌ಲ್ಯಾಂಡ್" ಎಂದ ಗೈಡ್. ನನ್ನ ಕಡೆ ನೋಡದೇ ಅಂದ, ಅದು ನನಗೆ ಗೊತ್ತಾಯಿತು.

"ಹೌ ಪೀಸ್‌ಫುಲ್!" ಎಂದಳು ನಮ್ಮ ಟೆಸ್ಟಿಂಗ್ ಲೀಡ್. "ಎಷ್ಟು ಖಾಲಿ ಇದೆ ನೋಡಿ. ಒಂದು ಮನೆ ಇಲ್ಲ."

ಮನೆ ಇದ್ದವು. ನನ್ನ ಅವ್ವನ ತವರೂರು ಆ ನೀರಿನ ಕೆಳಗಿದೆ. ಅವ್ವನಿಗೆ ಆಗ ಏಳೆಂಟು ವರ್ಷ. ಸಾಮಾನು ಹೇರಿದ ಚಕ್ಕಡಿಯ ಮೇಲೆ ಬೀಸುಕಲ್ಲಿನ ಪಕ್ಕದಲ್ಲಿ ಅವಳನ್ನು ಕೂಡಿಸಿದ್ದರಂತೆ. ಆಯಿ ಹೊರಡುವ ಮುಂಚೆ ಮನೆಗೆ ಕಸ ಹೊಡೆದು, ಸಾರಿಸಿ, ಹೊಸ್ತಿಲಿಗೆ ಕುಂಕುಮ ಹಚ್ಚಿ ಬಂದಳಂತೆ. ಮುಳುಗುವ ಮನೆಗೆ ಯಾಕವ್ವಾ ಅಂತ ಯಾರೋ ಕೇಳಿದ್ದಕ್ಕೆ, "ಗಂಗವ್ವ ಬರಾಕಿ ಅದಾಳ, ಹೊಲಸ ಮನಿಗೆ ಹೆಂಗ ಕರೀಬೇಕು" ಅಂದಳಂತೆ. ಹೊಸ ಊರಿನಲ್ಲಿ ಸಿಕ್ಕದ್ದು ಮಸಾರಿ ಹೊಲ. ಹೋದದ್ದು ಹೊಳೆದಂಡೆಯ ಎರಿ. ಅಜ್ಜ ಸಾಯುವ ತನಕ ಮುಳುಗಿದ ಹೊಲದ ಉತಾರವನ್ನು ಟ್ರಂಕಿನಲ್ಲಿ ಇಟ್ಟಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ಹನುಮಪ್ಪನ ಗುಡಿಯ ಗೋಡೆ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ಆಯಿ ನೋಡಲು ಹೋಗುತ್ತಿದ್ದಳು. ಅವಳ ಜೊತೆ ಒಮ್ಮೆ ನಾನೂ ಹೋಗಿದ್ದೇನೆ. ಬಿರಿದ ಕೆಸರಿನ ಮೇಲೆ ನಿಂತು, ಇಲ್ಲಿ ನಮ್ಮ ಕಣ ಇತ್ತು, ಇಲ್ಲಿ ಬೇವಿನ ಗಿಡ ಇತ್ತು ಎಂದು ತೋರಿಸಿದ್ದಳು. ಅದೂ ಒಂದು ಗೈಡೆಡ್ ಟೂರ್ ಅಂದುಕೊಳ್ಳಿ.

ಇದೆಲ್ಲ ಬಾಯಿಯ ತನಕ ಬಂತು. ಆದರೆ 'ಪೀಸ್‌ಫುಲ್' ಎಂದವಳ ಮುಖ ಅಷ್ಟು ಸಂತೋಷವಾಗಿತ್ತು. ನಾನು ಹೇಳಲಿಲ್ಲ. ಗುಂಪಿನಲ್ಲಿ ನಿಂತೆ, ನಕ್ಕೆ. ಅವ್ವ ನೋಡಿದ್ದು ಆ ಫೋಟೋವನ್ನೇ.

ಇನ್ನೊಂದು ಟೂರ್ ನೆನಪಾಯಿತು. 2018ರಲ್ಲಿ ಕ್ಲೈಂಟ್ ಕೆಲಸಕ್ಕೆ ಎಡಿನ್‌ಬರೋಗೆ ಹೋದಾಗ ಒಂದು ಶನಿವಾರ ಹದಿನಾರು ಸೀಟಿನ ವ್ಯಾನಿನಲ್ಲಿ ಸ್ಕಾಟ್‌ಲ್ಯಾಂಡಿನ ಹೈಲ್ಯಾಂಡ್ಸ್ ನೋಡಲು ಹೋಗಿದ್ದೆ. ಗಾಡಿ ಹೊಡೆಯುವವನೇ ಗೈಡ್, ಅರವತ್ತರ ಮುದುಕ. ಗ್ಲೆನ್‌ಕೋ ಕಣಿವೆಯಲ್ಲಿ ನಿಲ್ಲಿಸಿದ. ಮೈ ಝುಂ ಎನ್ನುವ ಸೌಂದರ್ಯ. ಅವನು ಹತ್ತು ನಿಮಿಷ ಏನೂ ಹೇಳಲಿಲ್ಲ, ನೋಡಲು ಬಿಟ್ಟ. ಆಮೇಲೆ ಹೇಳಿದ. 1692ರ ಫೆಬ್ರುವರಿಯಲ್ಲಿ ಇಲ್ಲಿಯ ಮ್ಯಾಕ್‌ಡೊನಾಲ್ಡರ ಮನೆಗಳಲ್ಲಿ ಸೈನಿಕರು ಅತಿಥಿಗಳಾಗಿ ಉಂಡು ಮಲಗಿದರು, ಒಂದು ಬೆಳಗಿನ ಜಾವ ಎದ್ದು ಉಣಿಸಿದವರನ್ನೇ ಕೊಂದರು. ಮುಂದೆ ದಾರಿಯಲ್ಲಿ ಸೂರಿಲ್ಲದ ಒಂದು ಕಲ್ಲಿನ ಮನೆ ತೋರಿಸಿದ. ಹೈಲ್ಯಾಂಡ್ಸಿನ ಎಷ್ಟೋ ಕಣಿವೆಗಳು ಖಾಲಿ ಕಾಣುವುದು ದೇವರು ಹಾಗೆ ಮಾಡಿದ್ದಕ್ಕಲ್ಲ, ಕುರಿ ಮೇಯಿಸಿದರೆ ಹೆಚ್ಚು ಲಾಭ ಎಂದು ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿ ಕಳಿಸಿದ್ದಕ್ಕೆ ಎಂದು ವಿವರಿಸಿದ. ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಆ ಎಬ್ಬಿಸುವಿಕೆಗೆ ಅಲ್ಲಿ ಒಂದು ಹೆಸರೇ ಇದೆ, ಕ್ಲಿಯರೆನ್ಸಸ್. ವ್ಯಾನಿನಲ್ಲಿ ಯಾರೂ ಬೋರ್ ಎನ್ನಲಿಲ್ಲ. ಕಣಿವೆ ಮೊದಲಿಗಿಂತ ಕಡಿಮೆ ಚಂದ ಕಾಣಲೂ ಇಲ್ಲ.

ಆ ದೇಶದಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಸಿನಿಮಾ ಶೂಟಿಂಗ್ ಜಾಗ ತೋರಿಸಿ ದುಡ್ಡು ಮಾಡುವವರೇ ಹೆಚ್ಚು. ಆದರೆ ಆ ಮುದುಕ ತನ್ನ ನೆಲದ ದುಃಖವನ್ನು ಸೌಂದರ್ಯದ ಪಕ್ಕದಲ್ಲೇ ಇಟ್ಟು ಹೇಳಿದ. ನಮ್ಮಲ್ಲಿ ಇನ್ನೂ ಸುಲಭವಿತ್ತು. ರೇಣುಕಾಸಾಗರದ ಎದುರು ನಿಂತು ಒಂದೇ ಮಾತು ಹೇಳಿದ್ದರೂ ಸಾಕಿತ್ತು: ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬಹುಪಾಲು ಬರುವುದು ಇಲ್ಲಿಂದ. ಅಂದರೆ ಬೆಳಿಗ್ಗೆ ಹೋಟೆಲಿನಲ್ಲಿ ನೀವು ಸ್ನಾನ ಮಾಡಿದ ನೀರು ಯಾರದೋ ಕಣದ ಮೇಲೆ ನಿಂತಿದ್ದ ನೀರು. ಇದನ್ನು ಕೇಳಿದರೆ ಯಾರ ರಜೆಯೂ ಹಾಳಾಗುವುದಿಲ್ಲ. ಟ್ಯಾಪ್ ತಿರುಗಿಸುವಾಗ ಒಂದು ಕ್ಷಣ ನೆನಪಾಗಬಹುದು.

ಯಲ್ಲಮ್ಮನ ಗುಡ್ಡಕ್ಕೆ ಮೂವತ್ತೈದು ನಿಮಿಷ. ಭಂಡಾರ ಹಚ್ಚಿಕೊಂಡರು, ಉಧೋ ಉಧೋ ಕೇಳಿದರು. ಒಬ್ಬಳು ದೇವದಾಸಿ ಪದ್ಧತಿಯ ಬಗ್ಗೆ ಕೇಳಿದಳು. ಗೈಡ್ "ಅದೆಲ್ಲ ಈಗ ಇಲ್ಲ ಮೇಡಂ" ಎಂದು ಮುಂದೆ ನಡೆದ. 1982ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ಮಾಡಬೇಕಾಗಿ ಬಂತು ಎಂಬಷ್ಟಾದರೂ ಹೇಳಬಹುದಿತ್ತು. ಆ ಬದುಕು ಬದುಕಿದ ಹೆಣ್ಣುಮಕ್ಕಳು ನಮ್ಮ ನಡುವೆ ಇನ್ನೂ ಇದ್ದಾರೆ.

ಆದರೆ ಗುಡ್ಡದ ಮೇಲೆ ನನಗೆ ಹೊಳೆದದ್ದು ಬೇರೆ. ಗುಂಪು ಕಟ್ಟಿಕೊಂಡು ಗುಡ್ಡ ನೋಡಲು ಹೋಗುವುದು ಈ ಸೀಮೆಗೆ ಹೊಸದೇನಲ್ಲ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಆಯಿ ಚಕ್ಕಡಿ ಕಟ್ಟಿಸಿಕೊಂಡು ಬರುತ್ತಿದ್ದಳು. ಹೋಗಲು ಒಂದು ದಿನ, ಇರಲು ಒಂದು ದಿನ, ಬರಲು ಒಂದು ದಿನ. ದಾರಿಯಲ್ಲಿ ಯಾರದೋ ಹೊಲದ ಬದುವಿನಲ್ಲಿ ಇಳಿದು, ಕೇಳಿ ನೀರು ತಂದು, ಮೂರು ಕಲ್ಲು ಹೂಡಿ ಅಡಿಗಿ. ಜೋಗುಳಬಾವಿಯಲ್ಲಿ ಮೈ ತೊಳೆದು ಗುಡ್ಡ ಹತ್ತುವುದು. ಹೋಳಿಗೆ, ಕಡಬು ಮಾಡಿ ಪಡಲಗಿ ತುಂಬಿಸಿ, ಗುರುತಿಲ್ಲದವರನ್ನೂ ಕರೆದು ಉಣಿಸುವುದು. ಮುಂದಿನ ವರ್ಷ ಅದೇ ಬದುವಿನಲ್ಲಿ ಇಳಿದಾಗ ಹೊಲದವರು "ಹ್ವಾದ ವರ್ಷ ಬಂದವ್ರ ಅಲ್ಲೇನ" ಎಂದು ಕೇಳುತ್ತಿದ್ದರಂತೆ. ಜಾತ್ರೆಗೆ ಹೋದವರು ದಾರಿಯ ಜನರಿಗೆ ಗುರುತಾಗುತ್ತಿದ್ದರು. ನಾವು ಹನ್ನೊಂದು ಜನ ನಾಲ್ಕು ತಾಲೂಕು ದಾಟಿದೆವು, ನಮ್ಮ ಗುರುತು ಒಬ್ಬರಿಗೂ ಸಿಗಲಿಲ್ಲ.

ರಾಮದುರ್ಗ ಬರುವಷ್ಟರಲ್ಲಿ ಕತ್ತಲಾಗಿತ್ತು. ಒಂಬತ್ತನೆಯ ಪಾಯಿಂಟು ಚಹಾ ಅಂಗಡಿಯಾಯಿತು. ಭಾವೆ ಮನೆತನದ ಪುಟ್ಟ ಸಂಸ್ಥಾನ ಇದು. 1939ರಲ್ಲಿ ಇಲ್ಲಿಯ ಜನ ಆಡಳಿತದ ವಿರುದ್ಧ ಎದ್ದು ನಿಂತು, ಸುದ್ದಿ ಗಾಂಧೀಜಿಯ ತನಕ ಹೋಗಿತ್ತು. 2019ರ ಆಗಸ್ಟಿನಲ್ಲಿ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಮಲಪ್ರಭೆ ಊರೊಳಗೇ ಬಂದಿದ್ದಳು. ಆ ನೆರೆಯಲ್ಲಿ ನೇಕಾರರ ಮಗ್ಗಗಳೂ ನೀರಲ್ಲಿ ನಿಂತವು. ಮಧ್ಯಾಹ್ನ ನೋಡಿದ 'ಸ್ವಿಟ್ಜರ್‌ಲ್ಯಾಂಡ್' ಇಲ್ಲಿಗೆ ಬರುವಾಗ ಹೇಗಿರುತ್ತದೆ ಎಂದು ಚಹಾದವನನ್ನು ಕೇಳಿದ್ದರೂ ಹೇಳುತ್ತಿದ್ದ. ನಾವು ಮಿರ್ಚಿ ತಿಂದು ಗಾಡಿ ಹತ್ತಿದೆವು.

ವಾಪಸು ದಾರಿ ನರಗುಂದ, ನವಲಗುಂದದ ಮೇಲೆ. ಎಲ್ಲರೂ ನಿದ್ದೆ. ಇವು ಪಟ್ಟಿಯಲ್ಲಿ ಇಲ್ಲದ ಊರುಗಳು. ಮಲಪ್ರಭೆಯ ಕಾಲುವೆ ಬಂದದ್ದು ಈ ಕಡೆಗೆ. ನೀರು ಸರಿಯಾಗಿ ಮುಟ್ಟುವ ಮೊದಲೇ, ನೀರಾವರಿಯಿಂದ ಹೊಲದ ಬೆಲೆ ಏರಿತು ಎಂದು ಬೆಟರ್‌ಮೆಂಟ್ ಲೆವಿ ಕೇಳಿದರು. 1980ರ ಜುಲೈ 21ರಂದು ರೈತರು ಎದ್ದರು, ಗೋಲಿಬಾರ್ ಆಯಿತು, ಜನ ಸತ್ತರು. ಕರ್ನಾಟಕದ ರೈತ ಚಳವಳಿಗೆ ಕಿಚ್ಚು ಹತ್ತಿದ್ದು ಇಲ್ಲಿ. ನರಗುಂದದಲ್ಲಿ ಅದರ ವೀರಗಲ್ಲು ಇದೆ. 2015ರಿಂದ ಕಳಸಾ-ಬಂಡೂರಿ ನೀರಿಗಾಗಿ ಧರಣಿ ಕೂತದ್ದೂ ಇದೇ ಊರಿನಲ್ಲಿ. ಮೇಲೆ ಹೊಲ ಕಳೆದುಕೊಂಡ ನನ್ನ ಅಜ್ಜ, ಕೆಳಗೆ ನೀರಿಗೆ ಕಾದ ಈ ಜನ, ಇಬ್ಬರ ನಡುವೆ ಆ ನೀಲಿ ನೀರು. ಖಜಾನೆಯ ಸೀಲು, ರಾಯಣ್ಣ ಸುಟ್ಟ ದಫ್ತರ, ಅಜ್ಜನ ಉತಾರ, ಲೆವಿಯ ನೋಟೀಸು, ಇಡೀ ದಿನ ನಾವು ನೋಡಿದ್ದು ಒಂದೇ ಕಥೆ. ಅದು ಕಾಣಬಾರದ ಹಾಗೆ ಅದನ್ನು ಒಂಬತ್ತು ಪಾಯಿಂಟ್ ಮಾಡಿ ಕತ್ತರಿಸಿ ಕೊಟ್ಟಿದ್ದರು.

ಹಾಗಾದರೆ ನನ್ನ ತೀರ್ಪು? ಗಾಡಿಗೆ, ಊಟಕ್ಕೆ, ನೆಲಕ್ಕೆ ಪೂರ್ತಿ ಅಂಕ. ಗೈಡ್ ಹುಡುಗನಿಗೆ ಪೂರ್ತಿ ಅಂಕ, ಆದರೆ ಸೊಗಲದ ಹತ್ತು ನಿಮಿಷಕ್ಕೆ ಮಾತ್ರ. ಸ್ಕ್ರಿಪ್ಟಿಗೆ ಸೊನ್ನೆ. ಇಂಥ ಟೂರ್ ಮಾಡುವವರಿಗೆ ನನ್ನ ಕೇಳಿಕೆ ಸಣ್ಣದು. ಒಂಬತ್ತು ಬೇಡ, ಮೂರು ಸಾಕು. ಕಿತ್ತೂರು, ಒಂದು ಹೊಲ, ನವಿಲುತೀರ್ಥ. ಗೈಡ್ ತನ್ನ ಭಾಷೆಯಲ್ಲೇ ಮಾತಾಡಲಿ, ಅರ್ಥವಾಗದಿದ್ದರೆ ಕೇಳಿಕೊಳ್ಳುತ್ತೇವೆ. ನೀರಿನ ಎದುರು ಕೂಡಿಸಿ, ಆ ಕಡೆಯ ಒಬ್ಬ ಮುದುಕಿಗೆ ಗೌರವಧನ ಕೊಟ್ಟು, ಅರ್ಧ ತಾಸು ಮಾತಾಡಿಸಿ.

ನಮಗೂ ಒಂದು ಮಾತು. ಸೋಮವಾರ ಕ್ಯಾಂಟೀನಿನಲ್ಲಿ ಟೆಸ್ಟಿಂಗ್ ಲೀಡ್‌ಗೆ ಅವ್ವನ ತವರೂರಿನ ವಿಷಯ ಹೇಳಿದೆ. ಅವಳು ಚಮಚ ಕೆಳಗಿಟ್ಟಳು. "ಅಲ್ಲೇ ಯಾಕೆ ಹೇಳಲಿಲ್ಲ? ನಾನು ಖಾಲಿ ಇದೆ ಅಂದೆನಲ್ಲ!" ಎಂದಳು. ಆಮೇಲೆ ಮೆಲ್ಲಗೆ, ಅವಳ ಅಜ್ಜನ ಊರು ಲಿಂಗನಮಕ್ಕಿ ನೀರಿನಲ್ಲಿ ಹೋಯಿತು ಎಂದಳು. ನಾಲ್ಕು ವರ್ಷ ಒಂದೇ ಟೀಮಿನಲ್ಲಿ ಕೆಲಸ ಮಾಡಿದ್ದೇವೆ, ಇದು ಇಬ್ಬರಿಗೂ ಗೊತ್ತಿರಲಿಲ್ಲ.

ಅವ್ವನಿಗೆ ಆ ದಿನ ಫೋನಿನಲ್ಲಿ ಹೇಳಲಾಗದೇ ಇದ್ದ ಉತ್ತರವನ್ನು ದೀಪಾವಳಿಗೆ ಊರಿಗೆ ಹೋದಾಗ ಹೇಳಿದೆ. "ತಪ್ಪಾತವ್ವಾ" ಎಂದೆ. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಗೈಡ್ ಏನೇನು ತೋರಿಸಿದ, ಎಷ್ಟು ಹೊತ್ತು ತೋರಿಸಿದ ಎಂದು ಒಂದೊಂದಾಗಿ ಕೇಳಿದಳು. ಕೊನೆಗೆ, "ಬ್ಯಾಸಿಗ್ಯಾಗ ನೀರ ಇಳದಾಗ ಅವ್ರನ್ನ ಕರ್ಕೊಂಡ ಬಾ. ನಾ ತೋರಸ್ತೇನಿ. ಸಾವಿರದ ಎಂಟನೂರ ಬ್ಯಾಡ, ಬರಾಗ ಒಂದೀಟ ಎಲಿ-ಅಡಿಕಿ ತಂದ್ರ ಸಾಕು" ಎಂದಳು.

ಏಪ್ರಿಲ್‌ಗೆ ಆರು ಜನ ಹೆಸರು ಕೊಟ್ಟಿದ್ದಾರೆ.